ಪೈಥಾನ್‌ನಲ್ಲಿ ಒಂದು ಲಿಫ್ಟ್ ಕಟ್ಟುತ್ತಾ ಕ್ಲಾಸ್ ಕಲಿಯುವುದು

ಕ್ಲಾಸ್, ಆಬ್ಜೆಕ್ಟ್ ಹೇಳಿಕೊಡುವ ಪಾಠಗಳಲ್ಲಿ ಹೆಚ್ಚಾಗಿ ಒಂದು ನಾಯಿ ಇರುತ್ತದೆ, ಅದು ಬೊಗಳುತ್ತದೆ, ಪಕ್ಕದಲ್ಲಿ ಒಂದು ಬೆಕ್ಕು ಮಿಯಾಂವ್ ಅನ್ನುತ್ತದೆ. ಅಷ್ಟು ಓದಿದರೆ ಬರೆಯೋ ರೀತಿ ಬರುತ್ತದೆ, ಆದರೆ ಕ್ಲಾಸ್ ಯಾಕೆ ಬೇಕು ಅನ್ನೋದು ಗೊತ್ತಾಗುವುದಿಲ್ಲ. ಆ ನಾಯಿಗೆ ತಪ್ಪದೆ ಪಾಲಿಸಬೇಕಾದ ನಿಯಮ ಒಂದೂ ಇಲ್ಲವಲ್ಲ.

ಲಿಫ್ಟಿಗೆ ಇದೆ. ಬಾಗಿಲು ತೆರೆದಿರುವಾಗ ಅದು ಚಲಿಸಬಾರದು. ಯಾರು ಎಷ್ಟೇ ಗುಂಡಿ ಒತ್ತಲಿ, ಪ್ರೋಗ್ರಾಮಿನ ಯಾವ ಮೂಲೆಯಿಂದಲೇ ಆದೇಶ ಬರಲಿ, ಚಲಿಸಬಾರದು ಅಂದರೆ ಚಲಿಸಬಾರದು. ಈ ನಿಯಮವನ್ನು ಕೋಡಿನ ಯಾವ ಜಾಗದಲ್ಲಿ ಇಡಬೇಕು ಅಂತ ಹುಡುಕುತ್ತಾ ಹೋದರೆ ಕ್ಲಾಸಿನ ಮುಕ್ಕಾಲು ವಿಷಯ ತಾನಾಗಿ ಬರುತ್ತದೆ. ಅದಕ್ಕೇ ಕಲಿಯೋದಕ್ಕೆ ಲಿಫ್ಟ್ ಆರಿಸಿಕೊಂಡೆ.

ಆಬ್ಜೆಕ್ಟ್ ಅನ್ನೋ ಯೋಚನೆ ಹುಟ್ಟಿದ್ದೂ ಇಂಥ ಕೆಲಸಕ್ಕೇ. 1960ರ ದಶಕದಲ್ಲಿ ನಾರ್ವೆಯ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನೈಗಾರ್ಡ್ ಸೇರಿ ಸಿಮುಲಾ ಅನ್ನೋ ಭಾಷೆ ಮಾಡಿದರು. ಹೆಸರೇ ಹೇಳುವ ಹಾಗೆ ಅದು ಸಿಮ್ಯುಲೇಶನ್‌ಗೆ, ಅಂದರೆ ಸರದಿ, ಯಂತ್ರ, ಸಂಚಾರ ಇಂಥವನ್ನು ಕಂಪ್ಯೂಟರಿನೊಳಗೆ ನಡೆಸಿ ನೋಡೋದಕ್ಕೆ. ಕ್ಲಾಸ್, ಇನ್‌ಹೆರಿಟೆನ್ಸ್ (ಒಂದು ಕ್ಲಾಸಿನ ಗುಣಗಳನ್ನು ಇನ್ನೊಂದು ಕ್ಲಾಸ್ ಪಡೆಯೋದು) ಎಲ್ಲ ಬಂದದ್ದು ಅಲ್ಲಿಂದ. ಇಬ್ಬರಿಗೂ ಸೇರಿ 2001ರ ಟ್ಯೂರಿಂಗ್ ಪ್ರಶಸ್ತಿ ಬಂತು.

ನಾನು ಕಟ್ಟಿದ್ದು ಇಷ್ಟು: ನೆಲಮಹಡಿ 0 ಅಂತ ಹಿಡಿದು 8ನೇ ಮಹಡಿವರೆಗೆ ಒಂದು ಕಟ್ಟಡ, ಅದರಲ್ಲಿ ಎಡ, ಬಲ ಅಂತ ಎರಡು ಲಿಫ್ಟ್. ಪ್ರತಿ ಹೆಜ್ಜೆಗೂ ಯಾವ ಲಿಫ್ಟ್ ಎಲ್ಲಿದೆ, ಬಾಗಿಲು ಹೇಗಿದೆ ಅಂತ ಟರ್ಮಿನಲ್‌ನಲ್ಲಿ ಒಂದೊಂದು ಸಾಲು ಬರುತ್ತದೆ. ಪೈಥಾನ್ 3 ಬಿಟ್ಟು ಬೇರೇನೂ ಇನ್‌ಸ್ಟಾಲ್ ಮಾಡಬೇಕಿಲ್ಲ.

ಕೋಡ್ ಬಗ್ಗೆ ಒಂದು ಮಾತು. ಕ್ಲಾಸ್, ಡೆಫ್, ಇಫ್, ರೈಸ್ ಇಂಥವನ್ನೂ ಪೈಥಾನಿನ ಸ್ವಂತ ಹೆಸರುಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ, ನೀವು ಟೈಪ್ ಮಾಡುವಾಗ ಇಂಗ್ಲಿಷಿನಲ್ಲೇ ಮಾಡಬೇಕು. ಆದರೆ ನಾವಾಗಿ ಇಡುವ ಹೆಸರುಗಳು, ಅಂದರೆ ಲಿಫ್ಟ್, ಮಹಡಿ, ಸರದಿ, ಇವನ್ನು ಪೈಥಾನ್ 3 ಕನ್ನಡದಲ್ಲೇ ಒಪ್ಪುತ್ತದೆ. ಒಂದೇ ತೊಡಕು: "ಲಿಫ್ಟ್‌ಗಳು" ಅಂತ ಬರೆದರೆ ಟ್ ಮತ್ತು ಗ ನಡುವೆ ಒತ್ತಕ್ಷರ ಆಗದ ಹಾಗೆ ಕೀಬೋರ್ಡ್ ಒಂದು ಕಾಣದ ಅಕ್ಷರ ಸೇರಿಸುತ್ತದೆ, ಹೆಸರಿನೊಳಗೆ ಅದು ಬಂದರೆ ಪೈಥಾನ್ ಸಿಂಟ್ಯಾಕ್ಸ್ ಎರರ್ ಕೊಡುತ್ತದೆ. ಕಣ್ಣಿಗೆ ಏನೂ ಕಾಣೋದಿಲ್ಲ, ಎಷ್ಟು ನೋಡಿದರೂ ಸಾಲು ಸರಿಯಾಗೇ ಇರುತ್ತದೆ. "ಲಿಫ್ಟುಗಳು" ಅಂತ ಬರೆದರೆ ತೊಂದರೆ ಇಲ್ಲ.

ಮೊದಲು ಕ್ಲಾಸ್ ಇಲ್ಲದೆ

ಬೇಕಂತಲೇ ಮೊದಲು ಡಿಕ್ಷನರಿಯಲ್ಲಿ ಕಟ್ಟಿದೆ. ಒಂದು ಲಿಫ್ಟಿಗೆ ಒಂದು ಡಿಕ್ಷನರಿ, ಅದರಲ್ಲಿ ಮಹಡಿ, ಬಾಗಿಲು, ಸರದಿ ಅಂತ ಮೂರು ಕೀ. ಮೇಲೇರಿಸಲು ಒಂದು ಫಂಕ್ಷನ್, ಇಳಿಸಲು ಒಂದು, ಕರೆದಲ್ಲಿಗೆ ಕಳಿಸಲು ಇನ್ನೊಂದು. ಚೆನ್ನಾಗೇ ಓಡುತ್ತದೆ. ಚಿಕ್ಕ ಪ್ರೋಗ್ರಾಮಿಗೆ ಇದೇ ಸಾಕು ಅಂತ ಈಗಲೂ ಹೇಳುತ್ತೇನೆ, ಕ್ಲಾಸ್ ಇಲ್ಲದ ಪ್ರೋಗ್ರಾಂ ಕೀಳು ಅನ್ನೋದು ಸುಳ್ಳು.

ತೊಂದರೆ ಶುರುವಾಗುವುದು ನಿಯಮ ಸೇರಿಸುವಾಗ. ಮಹಡಿ ಬದಲಾಯಿಸುವ ಸಾಲು ಮೂರು ಫಂಕ್ಷನ್‌ನಲ್ಲೂ ಇದೆ. ಅಂದರೆ ಬಾಗಿಲು ಮುಚ್ಚಿದೆಯಾ ಅನ್ನೋ ಪರೀಕ್ಷೆಯನ್ನೂ ಮೂರು ಕಡೆ ಬರೆಯಬೇಕು, ನಾಳೆ ನಾಲ್ಕನೇ ಫಂಕ್ಷನ್ ಬಂದರೆ ಅಲ್ಲೂ ನೆನಪಿಟ್ಟು ಬರೆಯಬೇಕು. ಅದೂ ಸಾಲದು ಅಂತ ಯಾರು ಬೇಕಾದರೂ ಎಲ್ಲಿಂದ ಬೇಕಾದರೂ ಡಿಕ್ಷನರಿಗೆ ಕೈ ಹಾಕಿ ಮಹಡಿಯನ್ನು 99 ಮಾಡಬಹುದು, 8 ಮಹಡಿಯ ಕಟ್ಟಡದಲ್ಲಿ.

ಕ್ಲಾಸ್ ಬಂತು

```
ಕ್ಲಾಸ್ ಲಿಫ್ಟ್:
    ಡೆಫ್ __ಇನಿಟ್__(ಸೆಲ್ಫ್, ಹೆಸರು, ತುದಿ):
        ಸೆಲ್ಫ್.ಹೆಸರು = ಹೆಸರು
        ಸೆಲ್ಫ್.ತುದಿ = ತುದಿ
        ಸೆಲ್ಫ್.ಮಹಡಿ = 0
        ಸೆಲ್ಫ್.ತೆರೆದಿದೆ = ಫಾಲ್ಸ್
        ಸೆಲ್ಫ್.ಸರದಿ = []

ಎಡ = ಲಿಫ್ಟ್("ಎಡ", 8)
ಬಲ = ಲಿಫ್ಟ್("ಬಲ", 8)
```

ಕ್ಲಾಸ್ ಅನ್ನೋದು ನಕ್ಷೆ, ಎಡ ಮತ್ತು ಬಲ ಆ ನಕ್ಷೆಯಿಂದ ಆದ ಎರಡು ಬೇರೆ ಬೇರೆ ಆಬ್ಜೆಕ್ಟ್. ಲಿಫ್ಟ್ ಅಂತ ಬರೆದು ಬ್ರ್ಯಾಕೆಟ್ ಹಾಕಿದ ತಕ್ಷಣ ಹೊಸ ಆಬ್ಜೆಕ್ಟ್ ಒಂದು ಹುಟ್ಟುತ್ತದೆ, ಅದನ್ನು ಇನಿಟ್‌ಗೆ ಕೊಟ್ಟು ಅದರೊಳಗೆ ಆರಂಭದ ಬೆಲೆಗಳನ್ನು ತುಂಬಿಸಲಾಗುತ್ತದೆ.

ಹೊಸಬರು ಜಾಸ್ತಿ ತಡವರಿಸುವುದು ಸೆಲ್ಫ್ ಹತ್ತಿರ. ಅದು ಎಲ್ಲಿಂದ ಬರುತ್ತದೆ, ಕರೆಯುವಾಗ ನಾವು ಕೊಡಲೇ ಇಲ್ಲವಲ್ಲ ಅಂತ. ಪೈಥಾನ್ ಶೆಲ್ ತೆರೆದು ಈ ಎರಡು ಸಾಲನ್ನು ಒಂದಾದ ಮೇಲೊಂದು ಓಡಿಸಿ ನೋಡಿ (ತೆರೆ ಅನ್ನೋ ಮೆಥಡ್, ಅಂದರೆ ಕ್ಲಾಸಿನೊಳಗೆ ಬರೆದ ಫಂಕ್ಷನ್, ಬಾಗಿಲು ತೆರೆಯುತ್ತದೆ ಅಂತ ಇಟ್ಟುಕೊಳ್ಳಿ):

```
ಎಡ.ತೆರೆ()
ಲಿಫ್ಟ್.ತೆರೆ(ಎಡ)
```

ಎರಡೂ ಒಂದೇ ಕೆಲಸ. ಮೊದಲನೆಯದನ್ನು ನಾವು ಬರೆಯುತ್ತೇವೆ, ಪೈಥಾನ್ ಅದನ್ನು ಎರಡನೆಯದರ ಹಾಗೆ ನಡೆಸುತ್ತದೆ. ಚುಕ್ಕಿಯ ಎಡಗಡೆ ಇರುವ ಆಬ್ಜೆಕ್ಟೇ ಸೆಲ್ಫ್ ಆಗಿ ಒಳಗೆ ಹೋಗುತ್ತದೆ, ಅಷ್ಟೇ ಕಥೆ. ಇದು ತಿಳಿದರೆ ಆ ಗೊಂದಲದ ಎರರ್ ಕೂಡ ಅರ್ಥವಾಗುತ್ತದೆ: ಡೆಫ್ ತೆರೆ() ಅಂತ ಸೆಲ್ಫ್ ಬಿಟ್ಟು ಬರೆದು ಎಡ.ತೆರೆ() ಅಂತ ಕರೆದರೆ, ಈ ಮೆಥಡ್ 0 ಆರ್ಗ್ಯುಮೆಂಟ್ ತಗೊಳ್ಳುತ್ತದೆ, ನೀವು 1 ಕೊಟ್ಟಿದ್ದೀರಿ ಅಂತ ಪೈಥಾನ್ ದೂರುತ್ತದೆ. ಆ 1 ಯಾವುದು ಅಂದರೆ ಎಡ. ಜಾವಾ, ಸಿ++ನಲ್ಲಿ ಇದೇ ಕೆಲಸವನ್ನು ದಿಸ್ ಮಾಡುತ್ತದೆ, ಅಲ್ಲಿ ಅದನ್ನು ಆರ್ಗ್ಯುಮೆಂಟ್‌ಗಳ ಪಟ್ಟಿಯಲ್ಲಿ ಬರೆಯಬೇಕಿಲ್ಲ. ಪೈಥಾನ್ ಈ ಪದ್ಧತಿಯನ್ನು ಮಾಡ್ಯುಲಾ-3 ಭಾಷೆಯಿಂದ ತಂದದ್ದು. ಮೊದಮೊದಲು ಬರೆಯೋದು ಹೆಚ್ಚಾಯಿತು ಅನಿಸುತ್ತದೆ, ಆದರೆ ಸೆಲ್ಫ್.ಮಹಡಿ ಯಾವುದು, ಬರೀ ಮಹಡಿ ಯಾವುದು ಅಂತ ಓದುವಾಗ ಒಂದು ಕ್ಷಣವೂ ಅನುಮಾನ ಬರೋದಿಲ್ಲ, ನನಗೆ ಅದು ದೊಡ್ಡ ಲಾಭ.

ಇನ್ನೊಂದು ಚಿಕ್ಕ ವಿಷಯ: ಎಡ.ತೆರೆ ಅಂತ ಬ್ರ್ಯಾಕೆಟ್ ಇಲ್ಲದೆ ಬರೆದರೆ ಎರರ್ ಬರೋದಿಲ್ಲ, ಬಾಗಿಲೂ ತೆರೆಯೋದಿಲ್ಲ. ಮೆಥಡ್ಡನ್ನು ಸುಮ್ನೆ ಹೆಸರು ಹಿಡಿದು ನೋಡಿದ ಹಾಗೆ ಆಗುತ್ತದೆ.

ನಿಯಮಕ್ಕೆ ಒಂದೇ ಜಾಗ

```
    ಡೆಫ್ ಚಲಿಸು(ಸೆಲ್ಫ್, ದಿಕ್ಕು):
        ಇಫ್ ಸೆಲ್ಫ್.ತೆರೆದಿದೆ:
            ರೈಸ್ ರನ್‌ಟೈಮ್‌ಎರರ್("ಬಾಗಿಲು ತೆರೆದಿದೆ")
        ಮುಂದಿನದು = ಸೆಲ್ಫ್.ಮಹಡಿ + ದಿಕ್ಕು
        ಇಫ್ ಮುಂದಿನದು < 0 ಆರ್ ಮುಂದಿನದು > ಸೆಲ್ಫ್.ತುದಿ:
            ರೈಸ್ ವ್ಯಾಲ್ಯೂಎರರ್("ಅಲ್ಲಿ ಮಹಡಿ ಇಲ್ಲ")
        ಸೆಲ್ಫ್.ಮಹಡಿ = ಮುಂದಿನದು
```

ಇಡೀ ಪ್ರೋಗ್ರಾಮಿನಲ್ಲಿ, ಇನಿಟ್ ಬಿಟ್ಟರೆ, ಮಹಡಿ ಬದಲಾಗುವುದು ಈ ಮೆಥಡ್‌ನ ಕೊನೆಯ ಸಾಲಿನಲ್ಲಿ ಮಾತ್ರ. ದಿಕ್ಕು +1 ಅಂದರೆ ಮೇಲೆ, -1 ಅಂದರೆ ಕೆಳಗೆ. ಮೇಲೇರಿಸುವ ಫಂಕ್ಷನ್, ಇಳಿಸುವ ಫಂಕ್ಷನ್, ಕಳಿಸುವ ಫಂಕ್ಷನ್ ಎಲ್ಲವೂ ಇದನ್ನೇ ಕರೆಯುತ್ತವೆ. ಪರೀಕ್ಷೆ ಒಂದೇ ಸಲ ಬರೆದಾಯಿತು, ಮರೆಯೋ ಪ್ರಶ್ನೆ ಇಲ್ಲ.

ಆದರೆ ಹೊರಗಿನಿಂದ ಎಡ.ಮಹಡಿ = 99 ಅಂತ ಯಾರಾದರೂ ಬರೆದರೆ? ಪೈಥಾನ್ ಬೀಗ ಹಾಕುವ ಭಾಷೆ ಅಲ್ಲ. ಜಾವಾದಲ್ಲಿ ಪ್ರೈವೇಟ್ ಅಂದರೆ ಕಂಪೈಲರೇ ತಡೆಯುತ್ತದೆ, ಇಲ್ಲಿ ಹೆಸರಿನ ಮುಂದೆ ಒಂದು ಅಂಡರ್‌ಸ್ಕೋರ್ ಹಾಕಿ "ಇದು ಒಳಗಿನದು, ಮುಟ್ಟಬೇಡಿ" ಅಂತ ಹೇಳೋದು ವಾಡಿಕೆ. ಎರಡು ಅಂಡರ್‌ಸ್ಕೋರ್ ಹಾಕಿದರೆ ಪೈಥಾನ್ ಒಳಗೊಳಗೇ ಹೆಸರಿಗೆ ಕ್ಲಾಸಿನ ಹೆಸರನ್ನೂ ಅಂಟಿಸುತ್ತದೆ, ಆದರೂ ಹಟ ಹಿಡಿದವರಿಗೆ ಅದೂ ಸಿಗುತ್ತದೆ. ನಾನು ಒಂದೇ ಅಂಡರ್‌ಸ್ಕೋರ್ ಹಾಕಿ, ಒಳಗೆ ಎಲ್ಲ ಕಡೆ _ಮಹಡಿ ಅಂತ ಬದಲಾಯಿಸಿ, ಹೊರಗಿನವರು ಓದಲಿಕ್ಕೆ ಮಾತ್ರ ಒಂದು ಪ್ರಾಪರ್ಟಿ ಮಾಡಿದೆ:

```
    @ಪ್ರಾಪರ್ಟಿ
    ಡೆಫ್ ಮಹಡಿ(ಸೆಲ್ಫ್):
        ರಿಟರ್ನ್ ಸೆಲ್ಫ್._ಮಹಡಿ
```

ಈಗ ಎಡ.ಮಹಡಿ ಅಂತ ಕೇಳಿದರೆ ಸಂಖ್ಯೆ ಬರುತ್ತದೆ, ಎಡ.ಮಹಡಿ = 99 ಅಂದರೆ ಅಟ್ರಿಬ್ಯೂಟ್ ಎರರ್ (ಚುಕ್ಕಿಯ ನಂತರ ಬರುವ ಹೆಸರಿಗೆ ಅಟ್ರಿಬ್ಯೂಟ್ ಅನ್ನುತ್ತಾರೆ). ಓದುವವರು ಬ್ರ್ಯಾಕೆಟ್ ಹಾಕಬೇಕಿಲ್ಲ, ಹಳೆಯ ಕೋಡ್ ಒಡೆಯೋದಿಲ್ಲ. ಅದಕ್ಕೇ ಪೈಥಾನ್‌ನಲ್ಲಿ ಮೊದಲ ದಿನವೇ ಪ್ರತಿಯೊಂದಕ್ಕೂ ಗೆಟರ್, ಸೆಟರ್ (ಬೆಲೆ ಓದಲು ಒಂದು, ಬದಲಾಯಿಸಲು ಒಂದು ಮೆಥಡ್) ಬರೆಯೋ ಅಗತ್ಯ ಇಲ್ಲ. ಬೇಕಾದಾಗ ಪ್ರಾಪರ್ಟಿ ಮಾಡಿಕೊಂಡರಾಯಿತು.

ಎಡ ಲಿಫ್ಟಿನ ಗುಂಡಿ ಒತ್ತಿದರೆ ಬಲ ಯಾಕೆ ಓಡುತ್ತದೆ

ಇಡೀ ಕಟ್ಟೋಣದಲ್ಲಿ ನಾನು ಜಾಸ್ತಿ ಹೊತ್ತು ಕೂತದ್ದು ಇಲ್ಲಿ. ಇನಿಟ್ ಒಳಗಿದ್ದ ಎರಡು ಸಾಲನ್ನು, ಏನಾಗುತ್ತದೆ ನೋಡೋಣ ಅಂತಲೇ, ಒಂದು ಚಿಕ್ಕ ಪ್ರತಿಯಲ್ಲಿ ಕ್ಲಾಸಿನ ಮಟ್ಟಕ್ಕೆ ತಂದೆ:

```
ಕ್ಲಾಸ್ ಲಿಫ್ಟ್:
    ಮಹಡಿ = 0
    ಸರದಿ = []
```

ಎಡ.ಸರದಿ.ಅಪೆಂಡ್(5) ಅಂದೆ. ಬಲ.ಸರದಿ ಪ್ರಿಂಟ್ ಮಾಡಿದರೆ ಅಲ್ಲೂ [5]. ಒಂದರ ಗುಂಡಿ ಒತ್ತಿದರೆ ಎರಡೂ ಐದನೇ ಮಹಡಿಗೆ ಹೊರಡುತ್ತವೆ. ಕ್ಲಾಸಿನ ಮಟ್ಟದಲ್ಲಿ ಬರೆದದ್ದು ಕ್ಲಾಸಿಗೆ ಸೇರಿದ್ದು, ಪಟ್ಟಿ ಇರೋದು ಒಂದೇ, ಎರಡು ಲಿಫ್ಟೂ ಅದನ್ನೇ ನೋಡುತ್ತಿವೆ. ಎಡ.ಸರದಿ ಈಸ್ ಬಲ.ಸರದಿ ಅಂತ ಕೇಳಿದರೆ ಟ್ರೂ ಬರುತ್ತದೆ.

ಸರಿ, ಹಾಗಾದರೆ ಮಹಡಿಯೂ ಹಂಚಿಕೆಯಾಗಬೇಕಲ್ವಾ? ಎಡ.ಮಹಡಿ += 1 ಮಾಡಿದೆ. ಎಡ 1, ಬಲ ಇನ್ನೂ 0. ಒಂದೇ ಜಾಗದಲ್ಲಿ ಪಕ್ಕಪಕ್ಕ ಬರೆದ ಎರಡು ಸಾಲು, ಒಂದು ಹಂಚಿಕೆಯಾಗುತ್ತದೆ, ಇನ್ನೊಂದು ಆಗೋದಿಲ್ಲ. ಹೊಸಬರ ತಲೆ ಕೆಡೋದು ಇಲ್ಲೇ, ಯಾಕೆಂದರೆ ಸಂಖ್ಯೆ ಇಟ್ಟು ಪರೀಕ್ಷೆ ಮಾಡಿ ಎಲ್ಲ ಸರಿಯಿದೆ ಅಂದುಕೊಂಡು ಮುಂದೆ ಹೋಗಿರುತ್ತಾರೆ.

ಕಾರಣ ಹೀಗೆ. ಓದುವಾಗ ಪೈಥಾನ್ ಮೊದಲು ಆಬ್ಜೆಕ್ಟಿನೊಳಗೆ ಹುಡುಕುತ್ತದೆ, ಸಿಗದಿದ್ದರೆ ಕ್ಲಾಸಿನಲ್ಲಿ ಹುಡುಕುತ್ತದೆ. ಬರೆಯುವಾಗ, ಅಂದರೆ ಸಮ ಚಿಹ್ನೆ ಹಾಕಿ ಬೆಲೆ ಕೊಡುವಾಗ, ಸೀದಾ ಆಬ್ಜೆಕ್ಟಿನೊಳಗೇ ಇಡುತ್ತದೆ. ಎಡ.ಮಹಡಿ += 1 ಅಂದಾಗ ಕ್ಲಾಸಿನಿಂದ 0 ಓದಿ, 1 ಕೂಡಿಸಿ, ಎಡದೊಳಗೆ ಹೊಸ ಮಹಡಿಯನ್ನು ಇಟ್ಟಿತು. ಕ್ಲಾಸಿನ 0 ಹಾಗೇ ಉಳಿಯಿತು. ಅಪೆಂಡ್ ಮಾಡುವಾಗ ಬೆಲೆ ಕೊಡೋ ಕೆಲಸವೇ ಇಲ್ಲ, ಇದ್ದ ಪಟ್ಟಿಯನ್ನು ಹುಡುಕಿ ಅದಕ್ಕೇ ಸೇರಿಸಿತು. ವಾರ್ಸ್(ಎಡ) ಅಂತ ಕೇಳಿದರೆ ಆಬ್ಜೆಕ್ಟಿನೊಳಗೆ ನಿಜವಾಗಿ ಏನಿದೆ ಅಂತ ತೋರಿಸುತ್ತದೆ, ಅಲ್ಲಿ ಮಹಡಿ ಕಾಣುತ್ತದೆ, ಸರದಿ ಕಾಣೋದಿಲ್ಲ. ಕಲಿಯುವವರು ಈ ವಾರ್ಸ್ ಒಂದನ್ನು ಯಾವಾಗಲೂ ಕೈಯಲ್ಲಿಟ್ಟುಕೊಂಡಿರಿ, ಹತ್ತು ಪುಟ ವಿವರಣೆಗಿಂತ ಜಾಸ್ತಿ ಹೇಳುತ್ತದೆ.

ಎಡ.ಸರದಿ += [5] ಇನ್ನೂ ವಿಚಿತ್ರ. ಅದು ಹಂಚಿಕೆಯ ಪಟ್ಟಿಯನ್ನೂ ಬದಲಾಯಿಸುತ್ತದೆ, ಅದೇ ಪಟ್ಟಿಯನ್ನು ತಂದು ಎಡದೊಳಗೂ ಇಡುತ್ತದೆ. ಶೆಲ್ಲಿನಲ್ಲಿ ಮಾಡಿ ನೋಡಿ.

ಇದರ ತಮ್ಮ ಒಬ್ಬನಿದ್ದಾನೆ. ಡೆಫ್ __ಇನಿಟ್__(ಸೆಲ್ಫ್, ಹೆಸರು, ಸರದಿ=[]) ಅಂತ ಬರೆದು ಒಳಗೆ ಸೆಲ್ಫ್.ಸರದಿ = ಸರದಿ ಅಂದರೂ ಇದೇ ಗತಿ. ಡೀಫಾಲ್ಟ್ ಬೆಲೆಯನ್ನು ಪೈಥಾನ್ ಡೆಫ್ ಸಾಲು ಓಡುವಾಗ ಒಂದೇ ಸಲ ಮಾಡಿಟ್ಟುಕೊಳ್ಳುತ್ತದೆ, ಪ್ರತಿ ಕರೆಗೂ ಹೊಸದು ಮಾಡೋದಿಲ್ಲ. ಡೀಫಾಲ್ಟಿಗೆ ನನ್ (ಪೈಥಾನಿನಲ್ಲಿ "ಏನೂ ಇಲ್ಲ" ಅನ್ನೋ ಬೆಲೆ) ಇಟ್ಟು, ಒಳಗೆ ನೋಡಿ ಹೊಸ ಪಟ್ಟಿ ಮಾಡಿಕೊಳ್ಳೋದು ಸರಿಯಾದ ದಾರಿ.

ಪ್ರಯೋಗ ಮುಗಿದ ಮೇಲೆ ಎರಡೂ ಸಾಲು ಇನಿಟ್‌ಗೆ ವಾಪಸ್ ಹೋದವು.

ಪಟ್ಟಿ ತೆಗೆದು ಸೆಟ್ ಹಾಕಿದ್ದು

ಒಬ್ಬರೇ ಗುಂಡಿಯನ್ನು ಎರಡು ಸಲ ಒತ್ತಿದರೆ ಸರದಿಯಲ್ಲಿ 5 ಎರಡು ಸಲ ಸೇರುತ್ತದೆ, ರಿಮೂವ್ ಮೊದಲ 5 ಒಂದನ್ನೇ ತೆಗೆಯುತ್ತದೆ, ಹಾಗಾಗಿ ಐದನೇ ಮಹಡಿಯಲ್ಲಿ ಬಾಗಿಲು ಮುಚ್ಚಿ ಮತ್ತೆ ತೆರೆಯುತ್ತದೆ. ಪಟ್ಟಿಯ ಬದಲು ಸೆಟ್ ಇದ್ದರೆ ಒಂದೇ ಸಂಖ್ಯೆ ಎರಡು ಸಲ ನಿಲ್ಲೋದಿಲ್ಲ. ಖಾಲಿ ಸೆಟ್ಟಿಗೆ ಸೆಟ್() ಅಂತಲೇ ಬರೆಯಬೇಕು, ಬರೀ ಹೂಬ್ರ್ಯಾಕೆಟ್ ಹಾಕಿದರೆ ಡಿಕ್ಷನರಿ ಆಗುತ್ತದೆ.

ಡಿಕ್ಷನರಿ ಆವೃತ್ತಿಯಲ್ಲಿ ಈ ಬದಲಾವಣೆಗೆ ಅಪೆಂಡ್ ಇರುವ ಸಾಲುಗಳನ್ನೆಲ್ಲ ಹುಡುಕಿ ಹುಡುಕಿ ತಿದ್ದಬೇಕಾಯಿತು, ಸೆಟ್ಟಿಗೆ ಅಪೆಂಡ್ ಇಲ್ಲವಲ್ಲ, ಆಡ್ ಇರೋದು. ಕ್ಲಾಸಿನಲ್ಲಿ ಹೊರಗಿನವರು ಎಡ.ಒತ್ತು(5) ಅಂತ ಮಾತ್ರ ಹೇಳುವ ಹಾಗೆ ಅಷ್ಟರಲ್ಲಿ ಮಾಡಿಟ್ಟಿದ್ದೆ. ಒತ್ತು ಮೆಥಡ್‌ನೊಳಗೆ ಒಂದು ಸಾಲು, ಇನಿಟ್‌ನಲ್ಲಿ ಒಂದು ಸಾಲು ಬದಲಾಯಿತು, ಹೊರಗೆ ಏನೂ ಬದಲಾಗಲಿಲ್ಲ. ಎನ್‌ಕ್ಯಾಪ್ಸುಲೇಶನ್ ಅಂತ ಪಾಠದಲ್ಲಿ ಹೇಳೋದು ಇದನ್ನೇ, ಆದರೆ ಹೀಗೆ ಕೈಯಾರೆ ಮಾಡುವವರೆಗೆ ಆ ಪದ ಹಿಡಿತಕ್ಕೆ ಸಿಗೋದಿಲ್ಲ.

ಲಿಫ್ಟ್ ಯಾವ ಕ್ರಮದಲ್ಲಿ ಹೋಗಬೇಕು ಅನ್ನೋದೂ ಒಳಗಿನ ವಿಷಯವೇ. ಹೆಜ್ಜೆ ಅನ್ನೋ ಮೆಥಡ್: ಬಾಗಿಲು ತೆರೆದಿದ್ದರೆ ಮುಚ್ಚು. ಸರದಿ ಖಾಲಿಯಿದ್ದರೆ ಸುಮ್ಮನಿರು. ಈ ಮಹಡಿ ಸರದಿಯಲ್ಲಿದ್ದರೆ ತೆಗೆದು ಬಾಗಿಲು ತೆರೆ. ಇಲ್ಲದಿದ್ದರೆ ಈಗಿನ ದಿಕ್ಕಿನಲ್ಲಿ ಮುಂದೆ ಕರೆ ಇರುವವರೆಗೂ ಅದೇ ದಿಕ್ಕು, ಇಲ್ಲವಾದರೆ ತಿರುಗು, ಒಂದು ಮಹಡಿ ಚಲಿಸು. ಹಾರ್ಡ್ ಡಿಸ್ಕಿನ ಹೆಡ್ ಓಡಿಸೋದಕ್ಕೂ ಇದೇ ಉಪಾಯ ಬಳಸುತ್ತಾರೆ, ಅದಕ್ಕೆ ಅಲ್ಲಿ ಎಲಿವೇಟರ್ ಅಲ್ಗಾರಿದಮ್ ಅಂತಲೇ ಹೆಸರು.

ಈ ಹಂತದಲ್ಲಿ, ಪ್ರಿಂಟ್ ಮಾಡಿದಾಗ ಆಬ್ಜೆಕ್ಟ್ ಹೇಗೆ ಕಾಣಬೇಕು ಅಂತ ಹೇಳುವ __ರೆಪರ್__ ಮೆಥಡ್ ಬರೆದುಬಿಡಿ. ಇಲ್ಲದಿದ್ದರೆ ಪ್ರಿಂಟ್ ಮಾಡಿದಾಗಲೆಲ್ಲ ಲಿಫ್ಟ್ ಆಬ್ಜೆಕ್ಟ್ ಅಂತ ಬಂದು ಪಕ್ಕದಲ್ಲಿ ಮೆಮೊರಿ ವಿಳಾಸ ಕಾಣುತ್ತದೆ, ಅದರಿಂದ ಏನೂ ತಿಳಿಯೋದಿಲ್ಲ. __ಎಸ್‌ಟಿಆರ್__ ಬರೆದರೆ ಸಾಲದು, ಲಿಫ್ಟುಗಳನ್ನು ಪಟ್ಟಿಯಲ್ಲಿಟ್ಟು ಪ್ರಿಂಟ್ ಮಾಡಿದಾಗ ಪೈಥಾನ್ ರೆಪರ್ ಅನ್ನೇ ಕೇಳುತ್ತದೆ. ನನ್ನದು "ಎಡ@3 ಮುಚ್ಚಿದೆ" ಅಂತ ಬರುತ್ತದೆ.

ಇನ್‌ಹೆರಿಟೆನ್ಸ್ ಎಲ್ಲಿ ಬೇಕು, ಎಲ್ಲಿ ಬೇಡ

ಸಾಮಾನು ಸಾಗಿಸೋ ಲಿಫ್ಟ್ ಬೇಕು ಅಂದ ತಕ್ಷಣ ಹೊಸ ಕ್ಲಾಸ್ ಬರೆಯಲು ಕೈ ಹೋಗುತ್ತದೆ. ಬೇಡ. ಅದು ಹೊರುವ ತೂಕ ಬೇರೆ, ಅಷ್ಟೇ. ತೂಕ ಒಂದು ಸಂಖ್ಯೆ, ಇನಿಟ್‌ಗೆ ಇನ್ನೊಂದು ಆರ್ಗ್ಯುಮೆಂಟ್ ಕೊಟ್ಟರೆ ಮುಗಿಯಿತು. ನಡವಳಿಕೆ ಬೇರೆಯಾದಾಗ ಮಾತ್ರ ಮರಿ ಕ್ಲಾಸ್ (ಇನ್ನೊಂದು ಕ್ಲಾಸಿನಿಂದ ಎಲ್ಲವನ್ನೂ ಪಡೆದು ಬೇಕಾದ್ದನ್ನು ಬದಲಾಯಿಸುವ ಕ್ಲಾಸ್) ಮಾಡೋದು ಅಂತ ನನಗೆ ನಾನೇ ಗೆರೆ ಹಾಕಿಕೊಂಡೆ.

ಕೆಲವು ಮಹಡಿಯಲ್ಲಿ ಮಾತ್ರ ನಿಲ್ಲುವ ವೇಗದ ಲಿಫ್ಟ್ ಆ ಗೆರೆ ದಾಟುತ್ತದೆ. ಕಟ್ಟಡ ಪ್ರತಿ ಲಿಫ್ಟನ್ನೂ "ಈ ಮಹಡಿಗೆ ನೀನು ಎಷ್ಟು ದೂರ?" ಅಂತ ಕೇಳುತ್ತದೆ, ಕಡಿಮೆ ಹೇಳಿದ್ದಕ್ಕೆ ಕೆಲಸ ಕೊಡುತ್ತದೆ. ಸಾಮಾನ್ಯ ಲಿಫ್ಟ್ ಎರಡು ಮಹಡಿಗಳ ಅಂತರವನ್ನು ಹೇಳುತ್ತದೆ. ವೇಗದ ಲಿಫ್ಟ್ ಆ ಒಂದು ಮೆಥಡ್ಡನ್ನು ಬೇರೆ ಥರ ಬರೆದುಕೊಳ್ಳುತ್ತದೆ:

```
ಕ್ಲಾಸ್ ವೇಗದ_ಲಿಫ್ಟ್(ಲಿಫ್ಟ್):
    ಡೆಫ್ __ಇನಿಟ್__(ಸೆಲ್ಫ್, ಹೆಸರು, ತುದಿ, ನಿಲ್ದಾಣಗಳು):
        ಸೂಪರ್().__ಇನಿಟ್__(ಹೆಸರು, ತುದಿ)
        ಸೆಲ್ಫ್.ನಿಲ್ದಾಣಗಳು = ನಿಲ್ದಾಣಗಳು

    ಡೆಫ್ ದೂರ(ಸೆಲ್ಫ್, ಮಹಡಿ):
        ಇಫ್ ಮಹಡಿ ನಾಟ್ ಇನ್ ಸೆಲ್ಫ್.ನಿಲ್ದಾಣಗಳು:
            ರಿಟರ್ನ್ ಫ್ಲೋಟ್("ಇನ್ಫ್")
        ರಿಟರ್ನ್ ಸೂಪರ್().ದೂರ(ಮಹಡಿ)
```

ನಿಲ್ಲದ ಮಹಡಿಗೆ ಅದು ಅನಂತ ದೂರ ಅನ್ನುತ್ತದೆ. ಕಟ್ಟಡದ ಕೋಡಿನಲ್ಲಿ "ಇದು ಯಾವ ಥರದ ಲಿಫ್ಟ್" ಅಂತ ಕೇಳುವ ಇಫ್ ಒಂದೂ ಬರಲಿಲ್ಲ, ಒಂದಕ್ಷರವೂ ಬದಲಾಗಲಿಲ್ಲ. ಪಾಲಿಮಾರ್ಫಿಸಂ ಅಂದರೆ ಇದು. ಇಲ್ಲಿಗೆ ಬಂದಾಗ ನನಗೆ ನಿಜಕ್ಕೂ ಖುಷಿಯಾಯಿತು.

ತಾಯಿ ಕ್ಲಾಸಿನ ಇನಿಟ್ ಅನ್ನು ಕರೆಯುವ ಆ ಸೂಪರ್ ಸಾಲನ್ನು ಬಿಟ್ಟರೆ ಏನಾಗುತ್ತದೆ ಅಂತಲೂ ಅಳಿಸಿ ನೋಡಿದೆ. ಆಬ್ಜೆಕ್ಟ್ ಹುಟ್ಟುವಾಗ ಯಾವ ಎರರೂ ಇಲ್ಲ. ಮೊದಲ ಸಲ ಹೆಜ್ಜೆ ಇಡುವಾಗ ಅಟ್ರಿಬ್ಯೂಟ್ ಎರರ್ ಬರುತ್ತದೆ, ಕಾರಣ ಇರೋ ಜಾಗದಿಂದ ಎಷ್ಟೋ ದೂರದಲ್ಲಿ. ಅಟ್ರಿಬ್ಯೂಟ್ ಇಲ್ಲ ಅಂತ ದೂರು ಬಂದರೆ ಮರಿ ಕ್ಲಾಸಿನ ಇನಿಟ್ ಅನ್ನೇ ಮೊದಲು ನೋಡಿ.

ಕಟ್ಟಡ ಮಾತ್ರ ಯಾವುದರ ಮರಿಯೂ ಅಲ್ಲ. ಅದು ಲಿಫ್ಟ್ ಅಲ್ಲ, ಅದರಲ್ಲಿ ಲಿಫ್ಟ್ ಇವೆ, ಒಂದು ಪಟ್ಟಿಯಲ್ಲಿ. ಹತ್ತಿರದ್ದನ್ನು ಮಿನ್ ಹುಡುಕುತ್ತದೆ, ಕೀ ಆಗಿ ದೂರ ಮೆಥಡ್ ಕೊಟ್ಟರೆ ಸಾಕು. ಎರಡು ವಿಷಯ ಗಮನಿಸಿ. ದೂರ ಸಮ ಆದರೆ ಮಿನ್ ಪಟ್ಟಿಯಲ್ಲಿ ಮೊದಲಿರುವುದನ್ನೇ ಕೊಡುತ್ತದೆ, ಹಾಗಾಗಿ ಎರಡೂ ನೆಲಮಹಡಿಯಲ್ಲಿದ್ದರೆ ಯಾವಾಗಲೂ ಎಡವೇ ಹೋಗುತ್ತದೆ. ಕೀಯನ್ನು ದೂರ ಮತ್ತು ಸರದಿಯ ಉದ್ದ ಎರಡೂ ಇರುವ ಟಪಲ್ (ಬದಲಾಯಿಸಲಾಗದ ಪಟ್ಟಿ) ಮಾಡಿದರೆ ಕಡಿಮೆ ಕೆಲಸ ಇರುವ ಲಿಫ್ಟಿಗೆ ಪಾಳಿ ಸಿಗುತ್ತದೆ. ಇನ್ನೊಂದು, ಎಲ್ಲವೂ ಅನಂತ ಅಂದರೂ ಮಿನ್ ಸದ್ದಿಲ್ಲದೆ ಮೊದಲನೆಯದನ್ನು ಆರಿಸಿಬಿಡುತ್ತದೆ, ಅಲ್ಲೊಂದು ಪರೀಕ್ಷೆ ಬೇಕು.

ಕೊನೆಯ ಬಿಗಿ

ಸೆಲ್ಫ್.ತೆರೆದಿದೆ ಬದಲು ಎಲ್ಲೋ ಸೆಲ್ಫ್.ತೆರೆದಿದ ಅಂತ ಟೈಪ್ ಆದರೆ ಪೈಥಾನ್ ತುಟಿ ಪಿಟಕ್ಕೆನ್ನದೆ ಹೊಸ ಅಟ್ರಿಬ್ಯೂಟ್ ಮಾಡಿಬಿಡುತ್ತದೆ, ಬಾಗಿಲಿನ ನಿಯಮ ಅಲ್ಲಿಗೆ ಸತ್ತಿತು. ಕ್ಲಾಸಿನಲ್ಲಿ __ಸ್ಲಾಟ್ಸ್__ ಅಂತ ಹೆಸರುಗಳ ಪಟ್ಟಿ ಕೊಟ್ಟರೆ, ಅದರಲ್ಲಿಲ್ಲದ ಹೆಸರಿಗೆ ಎರರ್ ಬರುತ್ತದೆ. ಮರಿ ಕ್ಲಾಸಿನಲ್ಲೂ ಬರೆಯಬೇಕು, ಇಲ್ಲದಿದ್ದರೆ ಅಲ್ಲಿ ಮತ್ತೆ ಬಾಗಿಲು ತೆರೆದ ಹಾಗೆ. ಸ್ಲಾಟ್ಸ್ ಹಾಕಿದ ಮೇಲೆ ವಾರ್ಸ್ ಕೆಲಸ ಮಾಡೋದಿಲ್ಲ, ಅದಕ್ಕೇ ಕಲಿಯುವಾಗ ಬೇಡ, ಕೊನೆಗೆ ಹಾಕಿ.

ನಿಯಮಕ್ಕೆ ಅಸರ್ಟ್ (ಇದು ನಿಜ ಇರಲೇಬೇಕು, ಇಲ್ಲದಿದ್ದರೆ ಎರರ್ ಅನ್ನುವ ಸಾಲು) ಬಳಸದೆ ರೈಸ್ ಬಳಸಿದ್ದಕ್ಕೂ ಕಾರಣ ಇದೆ. ಪೈಥಾನನ್ನು ಹೈಫನ್ ಮತ್ತು ದೊಡ್ಡ ಓ ಅಕ್ಷರದ ಆಯ್ಕೆ ಕೊಟ್ಟು ಓಡಿಸಿದರೆ ಅಸರ್ಟ್ ಸಾಲುಗಳೆಲ್ಲ ಮಾಯವಾಗುತ್ತವೆ. ಪರೀಕ್ಷೆಯ ಫೈಲಿಗೆ ಅಸರ್ಟ್ ಸರಿ, ಲಿಫ್ಟಿನ ಒಳಗೆ ಅಲ್ಲ.

ಪರೀಕ್ಷೆಯ ಫೈಲಿನಲ್ಲಿ ಈಗ ಇರೋದು: ಬಾಗಿಲು ತೆರೆದು ಚಲಿಸು ಅಂದರೆ ಎರರ್ ಬರಲೇಬೇಕು, 8ರಿಂದ ಮೇಲೆ, 0ಯಿಂದ ಕೆಳಗೆ ಹೋಗಬಾರದು, ಎಡದ ಗುಂಡಿ ಒತ್ತಿದರೆ ಬಲದ ಸರದಿ ಖಾಲಿಯೇ ಇರಬೇಕು, ವೇಗದ ಲಿಫ್ಟಿಗೆ ನಿಲ್ಲದ ಮಹಡಿಯ ಕರೆ ಹೋಗಬಾರದು. ಎಲ್ಲ ಪಾಸ್. ಮುಂದಿನ ಕೆಲಸ, ಹೊರಗಿನ ಗುಂಡಿಗೆ ಮೇಲೆ, ಕೆಳಗೆ ಅಂತ ದಿಕ್ಕು ಕೊಡೋದು. ಈಗ ಕರೆ ಅಂದರೆ ಬರೀ ಮಹಡಿಯ ಸಂಖ್ಯೆ, ಅದಕ್ಕೆ ದಿಕ್ಕೂ ಸೇರಿದರೆ ಕರೆಯೇ ಒಂದು ಚಿಕ್ಕ ಕ್ಲಾಸ್ ಆಗಬೇಕು. ಅದನ್ನು ಸೆಟ್ಟಿನಲ್ಲಿ ಇಡಬೇಕಾದ್ದರಿಂದ __ಈಕ್ಯು__ (ಎರಡು ಕರೆ ಒಂದೇನಾ ಅಂತ ಹೇಳುವ ಮೆಥಡ್) ಜೊತೆಗೆ __ಹ್ಯಾಶ್__ (ಸೆಟ್ ಹುಡುಕಲು ಬಳಸುವ ಸಂಖ್ಯೆ ಕೊಡುವ ಮೆಥಡ್) ಕೂಡ ಬರೆಯಬೇಕಾಗುತ್ತದೆ, ಈಕ್ಯು ಒಂದನ್ನೇ ಬರೆದರೆ ಸೆಟ್ ಅದನ್ನು ಒಳಗೆ ಬಿಟ್ಟುಕೊಳ್ಳೋದಿಲ್ಲ. ಫ್ರೋಜನ್ ಡೇಟಾಕ್ಲಾಸ್, ಅಂದರೆ ಮಾಡಿದ ಮೇಲೆ ಬೆಲೆ ಬದಲಾಯಿಸಲಾಗದ ಕ್ಲಾಸ್, ಮಾಡಿದರೆ ಎರಡನ್ನೂ ಅದೇ ಬರೆದುಕೊಡುತ್ತದೆ, ಪೈಥಾನ್ 3.7ರಿಂದ ಇದೆ, ಅದರಿಂದಲೇ ಶುರು ಮಾಡುತ್ತೇನೆ.